ಮೊದಲ ಸಾಲಿನವಳು

ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ನೆಲೋಗಿಯ ಜೋಳದ ಹೊಲಕ್ಕೆ ಕುರ್ಪಿ ಹಿಡಿದು ಕಳೆ ತೆಗೆಯಲು ಹೋದರೆ ಮೊದಲ ಸಾಲು ಯಾವಾಗಲೂ ನನ್ನ ಹಿರಿಯ ನೆಗೆಣ್ಣಿಯದು, ಗಂಡನ ಅಣ್ಣನ ಹೆಂಡತಿಯದು. ಅವಳು ಎದ್ದು ಸೊಂಟ ನೆಟ್ಟಗೆ ಮಾಡುವ ತನಕ ಹಿಂದಿನ ಹೆಂಗಸರು ಯಾರೂ ಏಳುತ್ತಿರಲಿಲ್ಲ. ಗೌಡನೂ ನಾಳಿನ ಕೆಲಸವನ್ನು ಅವಳಿಗೇ ಹೇಳುತ್ತಿದ್ದ. ನನಗೆ ಹೊಟ್ಟೆ ಉರಿಯುತ್ತಿತ್ತು. ಅವಳ ಕುರ್ಪಿಯೇನು ಬಂಗಾರದ್ದೇ?

ಒಂದು ಮಧ್ಯಾಹ್ನ ತಡೆಯಲಾಗದೆ ಕುರ್ಪಿ ಬಿಸಾಕಿ ಎದ್ದು ನಿಂತೆ.

"ಏಳ್ರಿ, ನೀರು ಕುಡದು ಆಮ್ಯಾಲ ಸಾಲು ಹಿಡಿಯೂನು," ಅಂದೆ.

ನಕ್ಕಾರು ಎಂದುಕೊಂಡಿದ್ದೆ. ಹಿಂದೆ ಬಳೆಗಳ ಸದ್ದಾಯಿತು. ತಿರುಗಿದರೆ ಎಲ್ಲರೂ ಎದ್ದಿದ್ದರು. ಮುಂದೆ ನೆಗೆಣ್ಣಿ ಒಬ್ಬಳೇ ಕೂತು, ಕತ್ತು ಹೊರಳಿಸಿ ನನ್ನನ್ನೇ ನೋಡುತ್ತಿದ್ದಳು. ಆ ನೋಟದ ಗುರುತು ನನಗಿತ್ತು. ಇಷ್ಟು ವರ್ಷ ಅವಳ ಬೆನ್ನನ್ನು ನಾನು ನೋಡಿದ್ದು ಹಾಗೆಯೇ.