ಅಕ್ಕಿಯಲ್ಲಿ ಬರೆದ ಹೆಸರು

ಅಕ್ಕಿ ಆರಿಸುವಾಗ ಕಣ್ಣು ತಟ್ಟೆಯಲ್ಲಿ, ಮನಸ್ಸು ದೇವರಲ್ಲಿ ಇರುತ್ತದೆ ಎಂದು ಹೇಳಿಕೊಳ್ಳುವ ಆಸೆ ನನಗೂ ಉಂಟು. ನಿಜವೆಂದರೆ ಮನಸ್ಸು ನಲ್ಲಿಯ ಕಡೆಗಿರುತ್ತದೆ, ನೀರು ಯಾವಾಗ ಬಂದೀತೆಂದು. ಈಗಿನ ಪೊಟ್ಟಣದ ಅಕ್ಕಿಯಲ್ಲಿ ಹರಳು ಹುಡುಕಿದರೂ ಸಿಗುವುದಿಲ್ಲ, ಆದರೂ ತಟ್ಟೆಯಲ್ಲಿ ಹರವಿ ಒಮ್ಮೆ ಬೆರಳಾಡಿಸದೆ ಒಲೆಯ ಮೇಲಿಟ್ಟರೆ ನನಗೆ ಸಮಾಧಾನವಿಲ್ಲ. ಅವತ್ತೂ ಮುಂಬಯಿಯ ಘಾಟ್ಕೋಪರಿನ ನಮ್ಮ ಎರಡು ಖೋಲಿಯ ಮನೆಯಲ್ಲಿ ಕಿಟಕಿಯ ಬೆಳಕಿಗೆ ತಟ್ಟೆ ಹಿಡಿದು ಕುಳಿತಿದ್ದೆ. ಮಗಳು ವೀಣಾ ಮೊಬೈಲ್ ಹಿಡಿದು ಒಳಗಿನಿಂದ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಮಮ್ಮಿ, ವೀಸಾದವರ ಮೇಲ್ ಬಂದೈತಿ. ಈ ಗಂಗಾ ಯಾರು ಅಂತ ಕೇಳ್ಯಾರ."

"ಗಂಗಾ ಅಂದ್ರ ನಾನ ಅಲ್ಲೇನವಾ?"

"ಅದು ನಂಗ ಗೊತ್ತೈತಿ ಮಮ್ಮಿ. ಲೇಕಿನ್ ಅವರಿಗೆ ಹೆಂಗ ಸಮಝಾಸೋದು?"

ಅಳಿಯ ಕೆನಡಾದಲ್ಲಿ ಬೇಕರಿಯೊಂದರಲ್ಲಿ ದುಡಿಯುತ್ತಾನೆ. ತಾಳಿ ಕಟ್ಟಿ ಹೋದವನು ಹೆಂಡತಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದ. ಅರ್ಜಿಯಲ್ಲಿ, ಪಾಸ್‌ಪೋರ್ಟಿನಲ್ಲಿ, ಶಾಲೆಯ ದಾಖಲೆಯಲ್ಲಿ ವೀಣಾಳ ತಾಯಿ ಸುಮಂಗಲಾ. ಜನನ ಪತ್ರದಲ್ಲಿ ಮಾತ್ರ ಗಂಗಾ. ಇಬ್ಬರೂ ಒಬ್ಬಳೇ ಎಂಬುದಕ್ಕೆ ತಿಂಗಳೊಳಗೆ ಪುರಾವೆ ಕೊಡಬೇಕು, ಕೊಡದಿದ್ದರೆ ಅರ್ಜಿ ತಿರಸ್ಕಾರವಾಗಬಹುದು ಎಂದು ಆ ಪತ್ರ ಬಹಳ ಸೌಜನ್ಯದಿಂದ ಹೇಳಿತ್ತು. ಸೌಜನ್ಯದ ಮಾತಿಗೆ ಇಷ್ಟು ಹೆದರಿದ್ದು ನಾನು ಅದೇ ಮೊದಲು.

ಹೆಸರು ಎರಡಾದ ಕತೆ ನಮ್ಮ ಕಡೆಯವರಿಗೆ ಕತೆಯೇ ಅಲ್ಲ. ತವರಿನಲ್ಲಿ ಅಪ್ಪ ಇಟ್ಟ ಹೆಸರು ಗಂಗಾ. ಮದುವೆಯಲ್ಲಿ ತಟ್ಟೆಯ ತುಂಬ ಅಕ್ಕಿ ಹರವಿ, ಉಂಗುರದ ತುದಿಯಿಂದ ನಮ್ಮವರು ಅದರಲ್ಲಿ ಸುಮಂಗಲಾ ಎಂದು ಬರೆದರು. ನೆರೆದವರು ಓದಿದರು, ಅಕ್ಷತೆ ಬಿತ್ತು, ನಾನು ಸುಮಂಗಲಾ ಆದೆ. ಮುಂದೆ ಚೊಚ್ಚಲ ಬಾಣಂತನಕ್ಕೆ ಬಾಗಲಕೋಟೆ ಕಡೆಯ ತವರಿಗೆ ಹೋದಾಗ, ಹುಟ್ಟಿದ ಕೂಸಿನ ಹೆಸರು ಬರೆಸಲು ಅಪ್ಪ ಧೋತರ ಕೊಡವಿಕೊಂಡು ಕಚೇರಿಗೆ ಹೊರಟರು. ತಾಯಿಯ ಹೆಸರೇನೆಂದು ಅಲ್ಲಿ ಕೇಳಿರಬೇಕು. ಅಪ್ಪನ ಬಾಯಲ್ಲಿ ನನಗೆ ಬೇರೆ ಹೆಸರು ಎಲ್ಲಿಂದ ಬರಬೇಕು? ಮಗಳ ಮಗಳು ಹುಟ್ಟಿದ ಸಂಭ್ರಮದಲ್ಲಿ ಅವರು ಹೇಳಿದ್ದು ಸುಳ್ಳಲ್ಲ, ಮರೆವೂ ಅಲ್ಲ. ಅಪ್ಪ ಈಗಿಲ್ಲ. ಇದ್ದಿದ್ದರೆ ಈ ಪ್ರಶ್ನೆ ಕೇಳಿ ಎಷ್ಟು ನೊಂದುಕೊಳ್ಳುತ್ತಿದ್ದರೋ! ಅವರಿಗೆ ಆ ನೋವು ತಪ್ಪಿತಲ್ಲ ಎಂಬುದನ್ನು ಆ ತಾಯಿ ಬನಶಂಕರಿಯ ಲೆಕ್ಕದಲ್ಲಿ ಒಂದು ಕೃಪೆ ಎಂದೇ ಬರೆದುಕೊಂಡೆ.

ಊರಲ್ಲಿ ದಾಖಲೆ ತಿದ್ದಿಸಲು ಹೋದರೆ ತಿಂಗಳು ಸಾಲದು ಎಂದು ತಮ್ಮ ಫೋನಿನಲ್ಲಿ ಹೇಳಿದ. ಹಾಗಾಗಿ ದಾದರಿನಲ್ಲಿ ಕೂರುವ, ನಮ್ಮ ಕಡೆಯವರೇ ಆದ ವಕೀಲರ ಹತ್ತಿರ ವೀಣಾ, ನಾನು, ನಮ್ಮವರು ಹೋದೆವು.

"ಹೆಸರು ಬದಲಾದದ್ದು ಸರ್ಕಾರಿ ಗೆಜೆಟ್‌ನ್ಯಾಗ ಹಾಕಿಸೀರೇನ್ರಿ ಅಕ್ಕಾರ?"

"ಇಲ್ರಿ."

"ಮತ್ತ ಎಲ್ಲಿ ಬರದಾರ?"

"ಅಕ್ಕಿಯೊಳಗ ಬರದಿದ್ರು."

ವಕೀಲರು ಪೆನ್ನು ಕೆಳಗಿಟ್ಟರು. "ಆ ಅಕ್ಕಿ ಏನಾತು?"

"ಪಾಯಸ ಮಾಡಿ ಉಂಡ್ವಿರಿ."

ವೀಣಾಗೆ ನಗು ತಡೆಯಲಾಗಲಿಲ್ಲ, ನಕ್ಕವಳೇ ಅತ್ತುಬಿಟ್ಟಳು. ಮದುವೆಯ ಫೋಟೋ ಒಂದನ್ನು ಒಯ್ದಿದ್ದೆವು. ಅದರಲ್ಲಿ ತಟ್ಟೆಯಿದೆ, ಅಕ್ಕಿಯಿದೆ, ನಮ್ಮವರ ಕೈಯೂ ಇದೆ. ಆದರೆ ಬರೆದ ಅಕ್ಷರದ ಮೇಲೆಯೇ ಅವರ ಅಂಗೈ ಕೂತಿದೆ. ಊರಿನ ಎಲ್ಲರ ಮನೆಯ ನೆಲಕ್ಕೆ ಫರಸಿಕಲ್ಲು ಕೂಡಿಸಿ, ಒಂದು ಗೆರೆ ಸೊಟ್ಟಗಾಗದಂತೆ ನೋಡುವ ಮನುಷ್ಯ, ಅವತ್ತು ಕೈಯನ್ನು ಒಂದು ಗೇಣು ಸರಿಸಿದ್ದರೆ ಏನಾಗುತ್ತಿತ್ತು? ಇವರನ್ನು ಬೈಯಲೂ ಮನಸ್ಸಾಗಲಿಲ್ಲ. ಪಾಪ, ಇಡೀ ದಾರಿ ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತ ಬಂದರು.

ಲೋಕಲ್ ರೈಲಿನಲ್ಲಿ ಯಾರೋ ತಾಯಿ ಸರಿದು ನನಗೆ ಅರ್ಧ ಸೀಟು ಕೊಟ್ಟಳು. ಅದೂ ಒಂದು ಕೃಪೆ. ಕುಳಿತು ಯೋಚಿಸಿದೆ: ಹೆತ್ತವಳು ತಾನೇ ಹೆತ್ತೆನೆಂದು ತೋರಿಸುವುದು ಹೇಗೆ? ಬೇನೆ ತಿಂದದ್ದಕ್ಕೆ ರಸೀದಿ ಇರುವುದಿಲ್ಲ. ನಮ್ಮೂರಿನತ್ತ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ತನ್ನ ಹೆಸರು ಬಿಡುತ್ತಾಳೆ. ಅಲ್ಲಿಂದ ಮುಂದೆ ಬೆಳೆ ಬೆಳೆದವರು ಯಾರೂ ನೀನು ಯಾವ ನೀರು, ಪುರಾವೆ ಕೊಡು ಎಂದು ಅವಳನ್ನು ತಡೆದು ನಿಲ್ಲಿಸುವುದಿಲ್ಲ. ಹೆಂಗಸರಿಗೆ ಆ ಭಾಗ್ಯವಿಲ್ಲ. ಎರಡು ಹೆಸರುಗಳಲ್ಲಿ ಒಂದನ್ನೂ ನಾನು ಆರಿಸಿಕೊಂಡವಳಲ್ಲ, ಎರಡಕ್ಕೂ ಓಗೊಟ್ಟಿದ್ದೇನೆ, ಅಷ್ಟೇ. ಆದರೆ ನಾನು ಓಗೊಟ್ಟ ತಪ್ಪಿಗೆ ಮಗಳ ಸಂಸಾರ ಬಾಗಿಲಲ್ಲೇ ನಿಂತರೆ? ರಾತ್ರಿ ದೀಪ ಹಚ್ಚಿ ಕೈಮುಗಿದಾಗ ಇನ್ನೊಂದು ದಿಗಿಲು: ಚಿಕ್ಕಂದಿನಲ್ಲಿ ಗಂಗಾ ಹೊತ್ತ ಹರಕೆಗಳು, ಈಗ ಸುಮಂಗಲಾ ಮಾಡುವ ಅರ್ಚನೆ, ಇವು ಬನಶಂಕರಿಗೆ ಒಬ್ಬಳದೇ ಎಂದು ತಿಳಿದಿದೆಯೋ ಇಲ್ಲವೋ! ನಗಬೇಡಿ. ಹೆದರಿದವರಿಗೆ ಇಂಥವೆಲ್ಲ ಹೊಳೆಯುತ್ತವೆ.

ದಾರಿ ತೋರಿಸಿದವರು ಅತ್ತೆ. ಮಂಚದ ಮೇಲೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದವರು ಕೊನೆಗೆ ಬಾಯಿ ಬಿಟ್ಟರು.

"ಹೆಸರು ಬದಲಿ ಮಾಡಿದಾಕಿ ನಾನು. ನನ್ನ ಯಾರೂ ಕೇಳವಲ್ಲರಿ! ನನ್ನ ಹೆಸರೂ ಗಂಗವ್ವ. ಒಂದ ಮನ್ಯಾಗ ಇಬ್ಬರು ಇದ್ದು, ನನ್ನ ಮಗ 'ಗಂಗಾ, ನೀರು ಕೊಡ' ಅಂದ್ರ ಅವ್ವ ಓಡಿ ಬರಬೇಕೋ, ಹೇಣ್ತಿ ಓಡಿ ಬರಬೇಕೋ?"

ಅತ್ತೆಯ ಹೆಸರಿನ ಸೊಸೆ ಬಂದರೆ ಹೆಸರು ಬದಲಿಸುವುದು ನಮ್ಮಲ್ಲಿ ಎಷ್ಟು ಸಹಜವೆಂದರೆ, ಕಾರಣ ಹೇಳಬೇಕೆಂದು ನಮಗಾರಿಗೂ ತೋಚಿರಲಿಲ್ಲ. ಆ ಮೊಣಕಾಲನ್ನು ಎಳೆದುಕೊಂಡೇ ಅತ್ತೆ ದಾದರಿನ ಸೇತುವೆ ಹತ್ತಿ ಇಳಿದರು. ವಕೀಲರು ಅವರ ಆಧಾರ್ ಕಾರ್ಡು ನೋಡಿ ಹುಬ್ಬು ಗಂಟಿಕ್ಕಿದರು.

"ಇನ್ನೊಂದು ತೊಡಕೈತ್ರಿ. ಪತ್ರದಾಗಿನ ಗಂಗಾ ಈ ಅಜ್ಜೀನ ಅಂತ ಅವರು ತಿಳಕೊಂಡ್ರ?"

ಅತ್ತೆ ಸೆರಗು ಸರಿಮಾಡಿಕೊಂಡು, "ಆ ವಯಸ್ಸಿನ್ಯಾಗ ನಾ ಹಡದಿದ್ರ ಪೇಪರಿನ್ಯಾಗ ಬರ್ತಿತ್ತಪಾ," ಎಂದರು. ವಕೀಲರು ನಗುತ್ತಲೇ ಬರೆದುಕೊಂಡರು: ತನ್ನದೂ ಅದೇ ಹೆಸರಾದ ಕಾರಣ ಸೊಸೆ ಗಂಗಾಳಿಗೆ ಮದುವೆಯಲ್ಲಿ ಸುಮಂಗಲಾ ಎಂದು ತಾನೇ ಹೆಸರಿಡಿಸಿದೆನೆಂದು ಗಂಗವ್ವನ ಪ್ರಮಾಣಪತ್ರ. ಊರಿಂದ ತಮ್ಮನದೊಂದು. ಜೊತೆಗೆ ಗಂಗಾ ಎಂದಿದ್ದ ಲಗ್ನಪತ್ರಿಕೆ, ಅಂಗೈ ಮುಚ್ಚಿದ ಆ ಫೋಟೋ. ಅತ್ತೆ ಒತ್ತಿದ ಹೆಬ್ಬೆಟ್ಟಿನ ಶಾಯಿ ಸಂಜೆಯವರೆಗೂ ಹೋಗಿರಲಿಲ್ಲ. ತೊಳೆಯಲು ಹೋದರೆ "ಇರಲಿ ಬಿಡು" ಎಂದರು.

ಕಾಗದ ಹೋದ ಮೇಲೆ ಕಾಯುವ ಕೆಲಸ. ವೀಣಾಳ ಫೋನು ಸದ್ದು ಮಾಡಿದಾಗಲೆಲ್ಲ ಒಲೆಯ ಮೇಲಿನ ಹಾಲು ಉಕ್ಕಿತು. ಉಪ್ಪು ಎರಡು ಸಲ ಬಿತ್ತು, ಒಮ್ಮೊಮ್ಮೆ ಬೀಳಲೇ ಇಲ್ಲ. ಮನೆಯವರು ಅದನ್ನೇ ಉಂಡು ಎದ್ದರು.

ಮೊನ್ನೆ ಮತ್ತೆ ಅದೇ ಕಿಟಕಿ, ಅದೇ ತಟ್ಟೆ. ವೀಣಾ ಓಡಿ ಬಂದಳು. "ಮಮ್ಮಿ! ಪಾಸ್‌ಪೋರ್ಟ್ ಕಳಸ್ರಿ ಅಂದಾರ!" ಹಾಗೆ ಕೇಳಿದರೆ ವೀಸಾ ಆದಂತೆಯೇ ಎಂದು ವಕೀಲರು ಮೊದಲೇ ಹೇಳಿದ್ದರು. ನಾನು ಅಕ್ಕಿಯೊಳಗೆ ಬೆರಳಾಡಿಸಿದೆ. ಒಂದು ಹೆದರಿಕೆ ಇಳಿಯಿತು, ಅದರ ಜಾಗಕ್ಕೆ ಇನ್ನೊಂದು ಬಂದು ಕೂತಿತು: ಆ ಚಳಿಯಲ್ಲಿ ಈ ಹುಡುಗಿ ಹೇಗಿರುತ್ತಾಳೋ. ಇವಳ ಮದುವೆಯಲ್ಲೂ ಅಕ್ಕಿಯ ತಟ್ಟೆ ಇಟ್ಟಿದ್ದರು. ಅಳಿಯ ವೀಣಾ ಎಂದೇ ಬರೆದಿದ್ದ. ಅವಳು ಹೋದಲ್ಲಿ ಅವಳನ್ನು ಒಂದೇ ಹೆಸರಿನಿಂದ ಕರೆಯುತ್ತಾರೆ.

ಮಂಚದ ಕಡೆಯಿಂದ ದನಿ ಬಂತು. "ಗಂಗಾ."

ಅತ್ತೆ ಯಾರನ್ನು ಕರೆಯುತ್ತಿದ್ದಾರೆಂದು ನಾನು ಸುತ್ತ ನೋಡಿದೆ. ಈ ಮನೆಗೆ ಬಂದ ಮೇಲೆ ಆ ಹೆಸರು ಅವರೊಬ್ಬರದೇ ಆಗಿತ್ತು.

"ನಿನಗ ಅನ್ನಾಕತ್ತೀನಿ. ಇನ್ನೊಂದು ಹಿಡಿ ಅಕ್ಕಿ ತಗೋ, ಪಾಯಸ ಮಾಡು."

"ಹೂಂ, ಅತ್ತಿ," ಎಂದೆ. ನಲ್ಲಿಯಲ್ಲಿ ನೀರು ಬಂದಿತ್ತು. ಅಕ್ಕಿ ತೊಳೆಯಲು ಎದ್ದೆ.