ಮಣಿಕಟ್ಟಿನೊಳಗಿನ ಕೊಳವೆ

ನೆಲದಲ್ಲಿ ಕೂತು ಮೆಟ್ಟುಗತ್ತಿಯಲ್ಲಿ ಮೀನು ಕೊಯ್ದು ಏಳುವಾಗ ಕಾಲು ಜಾರಿತು. ಬಲ ಮಣಿಕಟ್ಟು ಕತ್ತಿಯ ನಿಂತ ಅಲಗಿನ ಮೇಲೆಯೇ ಬಿತ್ತು. ಗಂಡ ಆಗಷ್ಟೇ ಬೋಟಿನಿಂದ ಬಂದಿದ್ದರು. ಟವೆಲ್ ಸುತ್ತಿ ಭಟ್ಕಳ ಪೇಟೆಯ ಕ್ಲಿನಿಕ್ಕಿಗೆ ಕರೆದೊಯ್ದರು. ಅಲ್ಲಿನ ಡಾಕ್ಟರು ಹೊಲಿಗೆ ಹಾಕಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದಂತಿವೆ ಎಂದೆ. ಬಾವು ಇಳಿದರೆ ಸರಿಯಾಗುತ್ತದೆ ಎಂದರು. ನಂಬಿದೆವು.

ಬಾವು ಇಳಿಯಿತು. ಜೋಮು ಇಳಿಯಲಿಲ್ಲ.

ನಾನು ಮಲ್ಲಿಗೆ ಕಟ್ಟುವವಳು. ಮದುವೆಮನೆಗಳಿಗೆ ದಂಡೆ ಕಟ್ಟಿಕೊಡುತ್ತಿದ್ದೆ. ಮಾತಾಡುತ್ತ, ಹೂವಿನತ್ತ ನೋಡದೆಯೇ ಕಟ್ಟುತ್ತಿದ್ದ ಬೆರಳುಗಳಿಗೆ ಈಗ ಮೊಗ್ಗು ಹಿಡಿದದ್ದೂ ತಿಳಿಯದು, ಬಿಟ್ಟದ್ದೂ ತಿಳಿಯದು. ಒಂದು ಬೆಳಿಗ್ಗೆ ದೋಸೆ ಮಗುಚುವಾಗ ಅತ್ತೆ ಕೂಗಿದರು: "ಎಂತ ಆತೆ ನಿಂಗೆ? ಕೈ ತೆಗಿ, ಬೆರಳು ಸುಡ್ತು!"

ನನಗೆ ಗೊತ್ತೇ ಆಗಿರಲಿಲ್ಲ.

ಮಂಗಳೂರಿನ ದೊಡ್ಡ ಆಸ್ಪತ್ರೆಯ ಸರ್ಜನ್ ಟೆಸ್ಟ್ ಮಾಡಿಸಿ, ಆ ಮೂರು ಬೆರಳಿಗೆ ಸ್ಪರ್ಶ ಕೊಡುವ ಮೀಡಿಯನ್ ನರ್ವ್ ಎಂಬ ನರ ತುಂಡಾಗಿದೆ ಎಂದರು. ಆಗಲೇ ಬಂದಿದ್ದರೆ ಎರಡು ತುದಿಗಳನ್ನು ನೇರ ಹೊಲಿಯಬಹುದಿತ್ತಂತೆ. ಈಗ ಅವು ಹಿಂದೆ ಸರಿದು ನಡುವೆ ಅಂತರ ಬಿದ್ದಿದೆ. ಕಾಲಿನಿಂದ ನರ ತೆಗೆದು ಜೋಡಿಸಬೇಕು. ಇಲ್ಲವೇ ಕೊಲಾಜೆನ್ ಕೊಳವೆ ಇಡಬೇಕು. ಅದರೊಳಗೆ ನರ ನಿಧಾನವಾಗಿ ಬೆಳೆದು ಆಚೆ ತುದಿ ಸೇರಬೇಕು. ಆಮೇಲೆ ಕೊಳವೆ ದೇಹದಲ್ಲೇ ಕರಗುತ್ತದೆ.

"ಈ ಕೊಳವೆ ದನದ ಅಂಗಾಂಶದಿಂದ ಮಾಡಿದ್ದು. ನಿಮಗೆ ಮೊದಲೇ ಹೇಳಬೇಕು," ಎಂದರು.

ಗಂಡ ನನ್ನ ಮುಖ ನೋಡಿದರು. ದೇವರಿಗೂ ಹೂ ಕಟ್ಟುವ ಕೈ. ಅತ್ತೆಗೆ ಫೋನ್ ಮಾಡಿದೆ. ಕೊಳವೆ ಯಾವುದರದ್ದೆಂದೂ ಹೇಳಿದೆ.

"ಕೈ ನಿಂದೇ ಅಲ್ದನೆ? ಮಾಡ್ಸ್ಕಂಡು ಬಾ."

ಆಪರೇಷನ್ ಆಯಿತು, ಕೊಳವೆ ಇಟ್ಟರು. ಆಮೇಲೆ ಫಿಸಿಯೋಥೆರಪಿ, ಕಾಯುವುದು. ಹೋದಾಗಲೆಲ್ಲ ಡಾಕ್ಟರು ಅಂಗೈ ಮೇಲೆ ತಟ್ಟುತ್ತ, ಎಲ್ಲಿ ಝುಮ್ಮೆನ್ನುತ್ತದೆ ಎಂದು ಕೇಳುತ್ತಿದ್ದರು. ಆ ಝುಮ್ಮು ತಿಂಗಳಿಂದ ತಿಂಗಳಿಗೆ ಬೆರಳಿನ ಕಡೆ ಸರಿಯಿತು. ಹೆಬ್ಬೆರಳಿಗೆ ಸ್ಪರ್ಶ ಬಂತು. ತೋರುಬೆರಳಿಗೆ ಅರ್ಧ ಬಂತು.

ನಡುಬೆರಳಿಗೆ ಬರಲಿಲ್ಲ. ಇನ್ನು ಬರುವುದು ಅನುಮಾನವಂತೆ.

ಮದುವೆಮನೆ ಹೂವು ಬಿಟ್ಟೆ. ಮನೆಮಟ್ಟಿಗೆ ಕಟ್ಟುತ್ತೇನೆ, ಕಣ್ಣಿಟ್ಟು, ತಪ್ಪುತ್ತ. ಗಾಯ ಒಣಗಿದ್ದನ್ನೇ ವಾಸಿಯಾದದ್ದೆಂದು ನಾವಿಬ್ಬರೂ ತಿಳಿದಿದ್ದೆವು. ಚರ್ಮದ ಕೆಳಗೆ ಏನಾಗಿದೆಯೆಂದು ಕೇಳಬೇಕೆಂದೇ ಹೊಳೆದಿರಲಿಲ್ಲ. ಬೆರಳಿನ ಸ್ಪರ್ಶ ಹೋದದ್ದಕ್ಕಿಂತ ಗಂಡನ ಕೊರಗು ನೋಡುವುದೇ ನನಗೆ ಕಷ್ಟ.

ಕೊನೆಯ ಸಲ ಮಂಗಳೂರಿನಿಂದ ಬಸ್ಸಿನಲ್ಲಿ ಬರುವಾಗ ಅವರು ನನ್ನ ಬಲಗೈ ಹಿಡಿದುಕೊಂಡರು. ನಾಲ್ಕು ಜನರೆದುರು ಹಾಗೆ ಮಾಡುವವರಲ್ಲ.

"ಅವತ್ತೇ ಮಂಗಳೂರಿಗೆ ಕರ್ಕಂಡು ಹೋಗ್ಬೇಕಿತ್ತು ನಾನು," ಎಂದರು. ಆಮೇಲೆ ತೋರುಬೆರಳನ್ನು ಮೆಲ್ಲಗೆ ಒತ್ತಿ, "ಗೊತ್ತಾತಾ?" ಎಂದು ಕೇಳಿದರು.

ದಪ್ಪ ಬಟ್ಟೆಯ ಆಚೆಯಿಂದ ಯಾರೋ ಮುಟ್ಟಿದಂತೆ ಗೊತ್ತಾಯಿತು.

"ಆತು," ಎಂದೆ.

ಶಿರೂರು ದಾಟಿ ಭಟ್ಕಳ ಹತ್ತಿರವಾದರೂ ಅವರು ಕೈ ಬಿಡಲಿಲ್ಲ.