ಫಿಂಡ್ಲೆಯೂ ಫಿನ್ಲೆಯೂ

ವಿಲ್ಮಾ ಫಿಂಡ್ಲೆ ನಲವತ್ತು ವರ್ಷ ಬಂದರಿನ ಶೆಡ್ಡಿನಲ್ಲಿ ಹ್ಯಾಡಕ್ ಮೀನು ಸೀಳಿದವಳು. ಕೆಲಸ ಬಿಟ್ಟ ಮೇಲೆ ಅವಳಿಗೆ ಹಿಡಿದದ್ದು ಒಂದೇ ಹಟ: ಮನೆತನದ ಹೆಸರಿನ ಬೇರು ಹುಡುಕುವುದು. ನಡುವೆ ‘ಡಿ’ ಇರುವ ಫಿಂಡ್ಲೆಗಳ ರಕ್ತವೇ ಬೇರೆ, ‘ಡಿ’ ಇಲ್ಲದ ಫಿನ್ಲೆಗಳ ರಕ್ತವೇ ಬೇರೆ ಎಂದು ಅವಳಪ್ಪ ಸಾಯುವವರೆಗೂ ಸಾರಿದ್ದ. ಚರ್ಚಿನಲ್ಲೂ ಎರಡು ಕಡೆಯವರು ಒಂದೇ ಬೆಂಚಿನಲ್ಲಿ ಕೂರುತ್ತಿರಲಿಲ್ಲ. ಅಪ್ಪನ ಮಾತಿಗೆ ಪುರಾವೆ ಒದಗಿಸುವುದೇ ಅವಳ ಆಸೆ.

ಅಕ್ಕ ನೆಟ್ಟಾ ಇಪ್ಪತ್ತೆರಡನೇ ವಯಸ್ಸಿನಲ್ಲಿ ಮೀನುದೋಣಿಯಲ್ಲಿ ದುಡಿಯುತ್ತಿದ್ದ ಡೋಡಿ ಫಿನ್ಲೆಯನ್ನು ಮೆಚ್ಚಿದ್ದಳು. ಅದನ್ನು ಅಪ್ಪನ ಕಿವಿಗೆ ಹಾಕಿದವಳು ವಿಲ್ಮಾಳೇ. “ಡಿ ಇಲ್ಲದವನ ಮನೆಗೆ ನನ್ನ ಮಗಳನ್ನ ಕೊಡಲ್ಲ” ಎಂದು ಅಪ್ಪ ಚರ್ಚಿನ ಬಾಗಿಲಲ್ಲೇ ಕೂಗಾಡಿದ. ಮದುವೆಯ ಮಾತು ಮುರಿದುಬಿತ್ತು. ಮರುವರ್ಷದ ಚಳಿಗಾಲದಲ್ಲಿ ಡೋಡಿಯ ದೋಣಿ ಹಿಂತಿರುಗಲಿಲ್ಲ. ನೆಟ್ಟಾ ಒಂಟಿಯಾಗಿಯೇ ಉಳಿದಳು.

ಮೂರನೇ ವರ್ಷದ ಹುಡುಕಾಟದಲ್ಲಿ, ಎಲ್ಗಿನ್ ಪಟ್ಟಣದ ದಾಖಲೆ ಕೋಣೆಯಲ್ಲಿ ಕೂತು ಊರ ಚರ್ಚಿನ ಹಳೆಯ ಜ್ಞಾನಸ್ನಾನದ ಪುಸ್ತಕ ತಿರುವುತ್ತಿದ್ದ ವಿಲ್ಮಾಳ ಬೆರಳು ನಿಂತಿತು. 1791ರಲ್ಲಿ ವಿಲಿಯಂ ಫಿಂಡ್ಲೆ. 1795ರಲ್ಲಿ ಜಾನ್ ಫಿನ್ಲೆ. ಇಬ್ಬರಿಗೂ ಅದೇ ಅಪ್ಪ, ಅದೇ ಅಮ್ಮ, ಅದೇ ಮನೆ. ನಡುವೆ ಬದಲಾಗಿದ್ದದ್ದು ಗುಮಾಸ್ತನ ಕೈಬರಹ ಮಾತ್ರ. ಹೊಸಬ ತನಗೆ ಕೇಳಿಸಿದಂತೆ ಬರೆದಿದ್ದ. ವಿಲಿಯಂ ತನ್ನ ಮೂಲಪುರುಷ, ಜಾನ್ ಡೋಡಿಯ ಮೂಲಪುರುಷ. ವಿಲ್ಮಾ ಎರಡೂ ಸಾಲುಗಳ ನಕಲು ತೆಗೆಸಿಕೊಂಡಳು.

ಮಾರನೆಯ ದಿನ ನಕಲು ಹಾಳೆಯನ್ನು ಅಕ್ಕನ ಮುಂದಿಟ್ಟಳು. ನೆಟ್ಟಾ ಎರಡು ಸಲ ಓದಿದಳು.

“ಬರೀ ಬರೆಯೋವ್ನ ತಪ್ಪಾ?”

“ಹೂಂ ನೆಟ್ಟಾ. ಅಪ್ಪನಿಗೆ ಚಾಡಿ ಹೇಳಿದ್ದು ನಾನೇ. ನನ್ನ ಕ್ಷಮಿಸ್ತೀಯಾ?”

“ಚಾಡಿ ವಿಷಯ ನಂಗೆ ಅವತ್ತೇ ಗೊತ್ತಿತ್ತು. ನನ್ನೊಬ್ಬಳ ಹತ್ರ ಹೇಳ್ಕೊಂಡು ಮನಸ್ಸು ಹಗುರ ಮಾಡ್ಕೋಬೇಡ ವಿಲ್ಮಾ. ಅಪ್ಪ ಊರ ಮುಂದೆ ಕೂಗಿದ್ದ. ನೀನೂ ಊರ ಮುಂದೇನೇ ಹೇಳು.”

ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ವಿಲ್ಮಾ ಎದ್ದು ನಿಂತು ಎರಡೂ ಸಾಲು ಓದಿದಳು. ತಾನು ಮಾಡಿದ್ದನ್ನೂ ಹೇಳಿದಳು. ಚಿಕ್ಕಪ್ಪನ ಮಗ ಮುರ್ಡೋ ಸಿಟ್ಟಿನಿಂದ ಕೆಂಪಾದ.

“ಬಾಯ್ಮುಚ್ಚೇ! ಎಪ್ಪತ್ತನೇ ವಯಸ್ಸಲ್ಲಿ ನನ್ನನ್ನ ಫಿನ್ಲೆ ಮಾಡ್ತೀಯಾ?” ಎಂದು ಟೋಪಿ ಎತ್ತಿಕೊಂಡು ಹೊರನಡೆದ.

ಡೋಡಿಯ ತಂಗಿ ಬೆಲ್ಲಾ ಕೋಲೂರಿಕೊಂಡು ಬಂದು ಕೈಚಾಚಿದಳು. “ಆ ಹಾಳೆ ಇಲ್ಲಿ ಕೊಡು. ನಮ್ಮ ಹುಡುಗನಲ್ಲಿ ಏನು ಕೊರತೆ ಇತ್ತು ಅಂತ ನಮ್ಮಮ್ಮ ಸಾಯೋವರ್ಗೂ ಕೇಳ್ತಿದ್ಲು.”

ವಿಲ್ಮಾ ಹಾಳೆ ಕೊಟ್ಟಳು. ನೆಟ್ಟಾ ಎದ್ದು ಹೋಗಿ ಬೆಲ್ಲಾಳ ಪಕ್ಕದಲ್ಲಿ ಕೂತಳು. ವಿಲ್ಮಾಳನ್ನು ಕರೆಯಲಿಲ್ಲ.